ಆಗೇತಿ, ಇಳಿ

ದಿನೇಶ, ಅಂದು ನಾನು ಶಾರ್ಕಿಗೆ ಊಟ ಹಾಕಿರಲಿಲ್ಲ. ಹಾಕಿದ್ದೇನೆ ಎಂದು ನಿನಗೆ ಸುಳ್ಳು ಹೇಳಿದೆ. ನಿನ್ನ ಕೈ ಹೋದದ್ದು ನನ್ನಿಂದ.

ಹೈದರಾಬಾದಿನಲ್ಲಿ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಬೀದರ ಕಡೆಯಿಂದ ಬಂದು ಆ ಹೋಟೆಲಿಗೆ ಇಟ್ಟಿಗೆ ಹೊತ್ತವಳು ನಾನು. ಕಟ್ಟಿ ಮುಗಿದ ಮೇಲೆ ಅಲ್ಲೇ ನೆಲ ಒರೆಸುವ ಕೆಲಸ ಸಿಕ್ಕಿತು. ಊಟದ ಕೋಣೆಯ ನಡುವೆ ಗೋಡೆಯಷ್ಟೆತ್ತರದ ಗಾಜಿನ ತೊಟ್ಟಿ, ಒಳಗೆ ಒಂದೇ ಶಾರ್ಕ್. ಮೀನು ಕತ್ತರಿಸಿ ಅದಕ್ಕೆ ಹಾಕುವುದೂ ನನ್ನ ಪಾಲಿಗೆ ಬಂತು. ನೀನು ಹೊನ್ನಾವರದವನು, ನೀರಿಗಿಳಿದು ಒಳಗಿನ ಗಾಜು ಉಜ್ಜುತ್ತಿದ್ದೆ, ಊಟಕ್ಕೆ ಕೂತ ಕಂಪನಿಯವರಿಗೆ ಕೈ ಬೀಸುತ್ತಿದ್ದೆ.

ಮೊದಲ ದಿನ ನಾನು ಹೆದರಿ ಹಿಂದೆ ಸರಿದಾಗ ನೀನು ನಕ್ಕೆ. "ಎಂತ ಹೆದರಿಕೆ ಶರಣಮ್ಮಕ್ಕ? ಹೊಟ್ಟೆ ತುಂಬಿದ್ರೆ ಅದಕ್ಕೆ ನಾವು ಲೆಕ್ಕಕ್ಕೇ ಇಲ್ಲ. ಕಚ್ಚೂದಾದ್ರೆ ನಿಮ್ಮ ಸೂಪರ್‌ವೈಸರೇ ಮೊದಲು ಕಚ್ಚೂದು." ಆಮೇಲೆ ನಗು ಬಿಟ್ಟು, ನಿನ್ನ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿಯನ್ನು ನನ್ನ ಕೈಗಿತ್ತು ಹೇಳಿದೆ— ಶಾರ್ಕಿನ ಸುತ್ತು ಸಣ್ಣದಾಗುತ್ತ ಬಂದರೆ, ಬೆನ್ನು ಡುಬ್ಬಾಗಿ ಪಕ್ಕದ ರೆಕ್ಕೆ ಕೆಳಗಿಳಿದರೆ, ಜಗ್ಗು.

ನನಗೆ ಆಗ ಅಕ್ಷರ ಬಾರದು. ಊಟ ಹಾಕಿದ ದಿನ ರಿಜಿಸ್ಟರಿನಲ್ಲಿ ಒಂದು ಮೀನಿನ ಆಕಾರದ ಗೆರೆ ಎಳೆಯುತ್ತಿದ್ದೆ. ಆ ಗೆರೆ ನೋಡಿಯೇ ನೀನು ಇಳಿಯುತ್ತಿದ್ದುದು.

ಅಂದು ಶ್ರಾವಣದ ಮೂರನೆಯ ಸೋಮವಾರ. ಆ ತಿಂಗಳ ಸೋಮವಾರ ನಾವು ಮೀನು ಮುಟ್ಟುವುದಿಲ್ಲ. ಹಾಗೆಂದು ಹೇಳಿದರೆ ಕೆಲಸ ಹೋಗುತ್ತದೆ ಎಂದುಕೊಂಡೆ. ನಾನು ಉಪವಾಸ ಇರುವುದಿಲ್ಲವೇ, ಅದೂ ಇರಲಿ— ಹಿಂದಿನ ಎರಡು ಸೋಮವಾರವೂ ಹೀಗೇ ಮಾಡಿದ್ದೆ, ಏನೂ ಆಗಿರಲಿಲ್ಲ. ಗೆರೆ ಎಳೆದುಬಿಟ್ಟೆ.

"ಅದರ ಊಟ ಆಯ್ತಾ ಅಕ್ಕ?" ಎಂದು ನೀನು ಕೇಳಿದೆ.

"ಆಗೇತಿ, ಇಳಿ."

ಮೊದಲ ಸುತ್ತು ದೂರದಲ್ಲೇ ಹೋಯಿತು. ಎರಡನೆಯದು ಹತ್ತಿರ. ಮೂರನೆಯದು ಇನ್ನೂ ಹತ್ತಿರ. ಬೆನ್ನು ಡುಬ್ಬಾಯಿತು, ರೆಕ್ಕೆ ಇಳಿಯಿತು— ನೀನು ಹೇಳಿದ್ದ ಹಾಗೇ, ಒಂದೊಂದಾಗಿ. ನೀರು ಸಹ ಸದ್ದು ಮಾಡಲಿಲ್ಲ. ಗಾಜಿನಾಚೆ ಜನ ತಿನ್ನುತ್ತಿದ್ದರು. ಹಗ್ಗ ನನ್ನ ಕೈಯಲ್ಲೇ ಇತ್ತು ದಿನೇಶ. ಜಗ್ಗಿದರೆ ಯಾಕೆಂದು ಕೇಳುತ್ತಾರೆ, ಊಟ ಹಾಕದ್ದು ಹೊರಬೀಳುತ್ತದೆ— ಇನ್ನೊಂದು ಸುತ್ತು ನೋಡೋಣ ಎಂದು ನಿಂತೆ.

ಹಗ್ಗ ತಾನೇ ಜಗ್ಗಿತು.

ನಿನ್ನನ್ನು ಮೇಲೆತ್ತಿದ ಮೇಲೆ ಶಾರ್ಕ್ ಕೆಂಪು ನೀರಿನೊಳಗಿಂದ ನಿಧಾನ ಬಂತು. ದಿನವೂ ಬಕೆಟ್ಟಿಗೆ ಕಾಯುವ ಮೂಲೆಯಲ್ಲಿ ತಲೆ ಎತ್ತಿತು, ನಾನು ನಿಂತ ಕಡೆಗೆ. ಊಟ ಕೇಳುವ ಹಾಗೆ.

"ಹೊಟ್ಟಿ ತುಂಬಿದ್ದು ಯಾಕ ಕಚ್ಚತದ? ಇವನೇ ಬಾಲ ಹಿಡದಾನ," ಎಂದ ಸೂಪರ್‌ವೈಸರ್, ಗೆರೆಯ ಮೇಲೆ ಬೆರಳಿಟ್ಟು. "ಹಾಕಿದ್ದಿ ಹೌದಿಲ್ಲೊ ಶರಣಮ್ಮ?"

"ಹಾಕೀನ್ರಿ."

ನಾನು ಆಸ್ಪತ್ರೆಗೆ ಬಂದಾಗ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ— "ನಾನೇ ಎಂತದೋ ತಪ್ಪು ಮಾಡಿದೆ ಕಾಣ್ತದೆ ಅಕ್ಕ." ನೀನು ಮಾಡಿರಲಿಲ್ಲ. ಒಂದೂ ಮಾಡಿರಲಿಲ್ಲ.

ಈಗ ಮೊಮ್ಮಗಳಿಂದ ನಾಲ್ಕಕ್ಷರ ಕಲಿತಿದ್ದೇನೆ. ಈ ಕಾಗದ ಹೊನ್ನಾವರಕ್ಕೆ ಹಾಕುತ್ತೇನೆ. ನಿನ್ನದೇ ತಪ್ಪು ಎಂದವರಿಗೆಲ್ಲ ಓದಿ ಹೇಳು. ಸಹಿ ಮಾಡಲು ಹೋದರೆ ಕೈ ಮೀನಿನ ಗೆರೆ ಎಳೆಯಲು ಹೊರಟಿತು. ತಡೆದೆ. ಹೆಸರು ಬರೆದಿದ್ದೇನೆ.

ಶರಣಮ್ಮ