ಓಬಯ್ಯ ಇಳಿಸಿದ ಮಣ್ಣು

ಮತ್ತೋಡು ಊರಿನ ನಮ್ಮ ಓಣಿಯಲ್ಲಿ ಮಾಳಿಗೆ ಮನೆಗಳೇ ಹೆಚ್ಚು. ಕಲ್ಲುಗೋಡೆ, ಮೇಲೆ ಮರದ ತೊಲೆ, ಅದರ ಮೇಲೆ ಮೊಳದಷ್ಟು ದಪ್ಪ ಮಣ್ಣು. ಪ್ರತಿ ವರ್ಷ ಮಳೆಗೆ ಮುಂಚೆ ಹೊಸ ಪದರ ಬೀಳಲೇಬೇಕು, ಇಲ್ಲದಿದ್ದರೆ ಸೋರುತ್ತದೆ. ಆ ಕೆಲಸಕ್ಕೆ ಓಬಯ್ಯನೇ ಆಗಬೇಕು. ಅವನು ತಟ್ಟಿದ ಮಾಳಿಗೆ ಸೋರಿದ್ದನ್ನು ನಾನು ಕಂಡಿಲ್ಲ. ಅದರ ಜಂಬವೂ ಅವನಿಗೆ ಸಾಕಷ್ಟಿತ್ತು, ಸುಳ್ಳೇಕೆ ಹೇಳಲಿ.

ಈ ಸಲ ಮಳೆಗೆ ಮುಂಚೆ ಒಂದು ಬೆಳಿಗ್ಗೆ ನೆಲ ಗುಡುಗಿತು. ಹತ್ತಿರದ ಗಣಿಯಲ್ಲಿ ಬಂಡೆ ಸಿಡಿಸಿದರೆಂದು ಯಾರೂ ತಲೆ ಎತ್ತಲಿಲ್ಲ. ಪಾತ್ರೆಗಳು ಉರುಳಿದ ಮೇಲೆ ಎದ್ದೆವೋ ಬಿದ್ದೆವೋ ಎಂದು ಹೊರಗೆ ಓಡಿದೆವು. ಆಮೇಲೆ ಒಬ್ಬ ಅಧಿಕಾರಿ ಬಂದು, ನಮ್ಮ ಸೀಮೆಯ ಬಂಡೆಗಳಡಿ ಹಳೆಯ ಬಿರುಕಿದೆ, ಮತ್ತೆ ಅಲುಗಬಹುದು, ಅಲುಗದೆಯೂ ಇರಬಹುದು ಎಂದು ಹೇಳಿ ಜೀಪು ಹತ್ತಿದ.

ಓಣಿಯಲ್ಲಿ ಹೊರಗೆ ಬಾರದವಳು ಓಬಯ್ಯನ ಮಗಳು ಯಮುನಾ ಒಬ್ಬಳೇ. ವಾರದ ಹಸಿ ಬಾಣಂತಿ. ತಾಯಿ ಉಚ್ಚಂಗಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಗಾಳಿ ತಾಗಿದ್ರೆ ಸನ್ನಿ ಆಗ್ತೈತೆ. ನಾನು ಕಳ್ಸಲ್ಲ."

ಓಬಯ್ಯ ಒಳಗೆ ಹೋಗಿ ನೋಡಿದ. ಮಂಚದ ನೇರಕ್ಕೆ ತೊಲೆಯ ತುದಿ ಗೋಡೆಯಿಂದ ಜಾರಿತ್ತು. ತೊಟ್ಟಿಲಿಗೆ ಮಣ್ಣು ಉದುರುತ್ತಿತ್ತು.

"ಮಾಳಿಗೆ ಬಿರಿದೈತೆ. ಇನ್ನೊಂದು ಪದರ ಹಾಕು," ಎಂದಳು ಉಚ್ಚಂಗಮ್ಮ. ಓಣಿಯ ಎಲ್ಲರ ಮಾತೂ ಅದೇ ಆಗಿತ್ತು.

ಅವನು ಮಂಚ, ತೊಟ್ಟಿಲನ್ನು ಬಾಗಿಲ ಬಳಿಗೆ ಎಳೆದಿಟ್ಟು, ಗುದ್ದಲಿ ಹಿಡಿದು ಏಣಿ ಹತ್ತಿದ. ಮಣ್ಣು ಹಾಕಲಿಲ್ಲ, ಕೆದರಿ ಕೆಳಗೆ ತಳ್ಳತೊಡಗಿದ.

"ಏನ್ ಹುಚ್ಚು ಇದು? ಮಳೆ ಬಂದ್ರೆ ಸೋರ್ತೈತೆ!" ಎಂದು ಉಚ್ಚಂಗಮ್ಮ ಕೆಳಗಿನಿಂದ ಕೂಗಿದಳು.

"ಸೋರ್ಲಿ ಬಿಡು. ಸೋರಿದ್ರೆ ಪಾತ್ರೆ ಇಡಬೋದು. ಇದೇ ಬಿದ್ರೆ ಏನಿಡ್ತೀಯ?"

ಮಧ್ಯಾಹ್ನದ ಹೊತ್ತಿಗೆ ಅವನು ಕೆಳಗೆ ನೋಡಿದಾಗ ತಳ್ಳಿದ ಮಣ್ಣಿನಲ್ಲಿ ಅರ್ಧ ಇರಲೇ ಇಲ್ಲ. ಪಕ್ಕದ ಮನೆಯ ತಿಪ್ಪಮ್ಮ ಮೊಮ್ಮಕ್ಕಳ ಜೊತೆ ಅದನ್ನು ಬಿದಿರಿನ ಪುಟ್ಟಿಗೆ ತುಂಬುತ್ತಿದ್ದಳು. ಅವಳ ಮಾಳಿಗೆಯ ಮೇಲೆ ಆಗಲೇ ಹೊಸ ಗುಡ್ಡೆ ಎದ್ದಿತ್ತು.

"ಇಂಥ ಹದವಾದ ಮಣ್ಣು ಯಾಕೆ ಚೆಲ್ತೀಯ ಓಬಣ್ಣ? ಬಂದು ತಟ್ಟಿಕೊಡು."

"ಬ್ಯಾಡ ತಿಪ್ಪಮ್ಮ, ನಿನ್ ಕಾಲಿಗೆ ಬೀಳ್ತೀನಿ, ಇಳಿಸು!"

ಅವಳು ನಕ್ಕಳು. ನಾನೂ ನಕ್ಕೆ.

ದೀಪ ಹಚ್ಚುವ ಹೊತ್ತಿಗೆ ಮಳೆ ಹಿಡಿಯಿತು. ನಮ್ಮ ಮನೆ ಒಂದು ಹನಿಯೂ ಸೋರಲಿಲ್ಲ. ಅಷ್ಟೂ ಮಣ್ಣು ನೀರು ಕುಡಿದು ನೆತ್ತಿಯ ಮೇಲೆ ಕೂತಿದೆ ಎಂಬುದು ಆಗ ಹೊಳೆಯಿತು. ತೊಲೆ ಒಮ್ಮೆ ಕಿರ್ ಎಂದಿತು. ಹೆದರಿ, ಕಂಬಳಿ ಹೊದ್ದು ಓಬಯ್ಯನ ಮನೆಗೆ ಓಡಿದೆ.

ಅಲ್ಲಿ ಎಲ್ಲೆಲ್ಲೂ ತೊಟ್ಟಿಕ್ಕುತ್ತಿತ್ತು. ಉಚ್ಚಂಗಮ್ಮ ಬೈಯುತ್ತಲೇ ತೊಟ್ಟಿಲಿಗೆ ಪ್ಲಾಸ್ಟಿಕ್ ಹಾಳೆ ಕಟ್ಟುತ್ತಿದ್ದಳು. ಕೂಸು ಒಣಗಿದ ಬಟ್ಟೆಯಲ್ಲಿ ಬೆಚ್ಚಗೆ ಮಲಗಿತ್ತು. ಓಬಯ್ಯ ಮಾತ್ರ ತಿಪ್ಪಮ್ಮನ ಮನೆ ಕಡೆಯ ಗೋಡೆಗೆ ಕಿವಿ ಕೊಟ್ಟು ಕೂತಿದ್ದ.

"ಬಂದ್ರಾ? ಕುಂತ್ಕಬ್ಯಾಡ್ರಿ," ಎಂದು ನನ್ನ ಕೈ ಹಿಡಿದ. "ನಾನು ಕರೆದ್ರೆ ತಿಪ್ಪಮ್ಮ ನಗ್ತಾಳೆ. ನೀವು ಹೋಗಿ ಅವಳ ಮೊಮ್ಮಕ್ಕಳನ್ನಾದ್ರೂ ಕರ್ಕಂಬರ್ರಿ. ಆ ಮಾಳಿಗೆ ಮೇಲೆ ವರ್ಷಾ ವರ್ಷಾ ಭಾರ ಏರಿಸಿ ತಟ್ಟಿದ್ದು ನಾನೇ."