ಅಲ್ಲ, ಬರೀ ಕಲ್ಲು

ನಮ್ಮ ಮಿಶಿಗನ್ ಸರೋವರದ ದಂಡೆಗೆ ಬರುವವರೆಲ್ಲ ಪೆಟೋಸ್ಕಿ ಕಲ್ಲು ಆರಿಸುವವರು. ಅವರ ಖುಷಿಗೆ ತಣ್ಣೀರೆರಚಲು ಇರುವವಳು ಆರ್ಡಿತ್ ಅಜ್ಜಿ. ರಾಜ್ಯದ ಕಲ್ಲೆಂದು ಸರ್ಕಾರವೇ ಸಾರಿದ ಈ ಹವಳದ ಪಳೆಯುಳಿಕೆ ಒಣಗಿದ್ದಾಗ ಬರೀ ಬೂದುಗಲ್ಲು. ಒದ್ದೆಯಾದರೆ ಮಾತ್ರ ಜೇನುಗೂಡಿನಂಥ ಚಿತ್ತಾರ ಮೂಡುತ್ತದೆ. ಅದಕ್ಕೇ ಅಜ್ಜಿ ಮಡಚುವ ಕುರ್ಚಿಯಲ್ಲಿ ಕೂತು, ಯಾರು ಏನು ತಂದರೂ ಒಮ್ಮೆ ನೆಕ್ಕಿ, ಕನ್ನಡಕ ಏರಿಸಿ, "ಅಲ್ಲ, ಬರೀ ಕಲ್ಲು. ಮುಂದಿನವ್ರು ಬನ್ನಿ" ಅನ್ನುತ್ತಾಳೆ. ಪಾದ್ರಿ ಡೇಲ್ ಇಪ್ಪತ್ತು ವರ್ಷ ಮೇಜಿನ ಮೇಲಿಟ್ಟು ಮೆರೆಸಿದ್ದ ಕಲ್ಲನ್ನೂ ನೆಕ್ಕಿ, "ಪಾದ್ರಿಗಳೇ, ಇದು ಸಿಮೆಂಟು" ಅಂದವಳು. "ಸ್ವಲ್ಪ ಮೆತ್ತಗೆ ಹೇಳ್ಬಾರ್ದಾ ಅಜ್ಜಿ?" ಅಂದರೆ, "ಮೆತ್ತಗೆ ಹೇಳಿದ್ರೆ ಕಲ್ಲು ಬದಲಾಗತ್ತಾ?" ಎಂದು ಮುಂದಿನ ಕಲ್ಲಿಗೆ ಕೈ ಚಾಚುತ್ತಾಳೆ. ಅವಳ ಅಡುಗೆಮನೆಯ ಕಿಟಕಿಯಲ್ಲಿರುವುದು ಒಂದೇ ಕಲ್ಲು, ಎಷ್ಟು ನೀರು ಸುರಿದರೂ ಯಾವ ಚಿತ್ತಾರವೂ ಮೂಡದ್ದು. ಎಷ್ಟೋ ವರ್ಷಗಳ ಹಿಂದೆ, ಆಗ ಐದು ವರ್ಷದವಳಾಗಿದ್ದ ಮಗಳು ಲೋರೀನ್ ಓಡಿಬಂದು ಕೊಟ್ಟಾಗ ಅದನ್ನು ನೆಕ್ಕಿ "ಹೌದು ಕಣೇ" ಅಂದಿದ್ದಳಂತೆ. ಲೋರೀನ್ ಈಗ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಾಳೆ. ಪ್ರತಿ ಬೇಸಿಗೆಯಲ್ಲೂ ಬಂದವಳೇ ಆ ಕಲ್ಲನ್ನು ನಲ್ಲಿಗೆ ಹಿಡಿದು, ಭೂತಗನ್ನಡಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, ತಾಯಿಯ ಮುಖ ಮಾತ್ರ ನೋಡದೆ ಹೇಳುತ್ತಾಳೆ: "ಪೆಟೋಸ್ಕಿನೇ ಕಣಮ್ಮಾ."