ಗೋಣಿಚೀಲ ತುರುಕಿದ ಕಿಟಕಿಗಳು

ರಾಮನಗರದ ಮುಬಶ್ಶಿರಾ ಆರ್ಕಿಟೆಕ್ಟ್ ಆಗಲು ಕಾರಣ ತಾಯಿಯ ಕೆಮ್ಮು. ತಾಯಿ ನಾಹಿದಾ ಹತ್ತೊಂಬತ್ತು ವರ್ಷ ಕಿಟಕಿಯಿಲ್ಲದ ಶೆಡ್ಡಿನಲ್ಲಿ ಕೂತು, ಬಿಸಿನೀರಲ್ಲಿ ಬೆಂದ ರೇಷ್ಮೆಗೂಡಿನಿಂದ ನೂಲು ಬಿಚ್ಚಿದವರು. ಕೊನೆಗೆ ಮೆಟ್ಟಿಲು ಹತ್ತಲೂ ಉಸಿರು ಸಾಲುತ್ತಿರಲಿಲ್ಲ. ಮೈಸೂರಿನಲ್ಲಿ ಆರು ವರ್ಷ ಬೇರೆಯವರ ಕಚೇರಿಯಲ್ಲಿ ದುಡಿದು ಊರಿಗೆ ಮರಳಿದಾಗ ಮಗಳ ಬಳಿ ಇದ್ದ ಸಿದ್ಧಾಂತ ಒಂದೇ: ಕಟ್ಟಡ ಮೊದಲು ಉಸಿರಾಡಬೇಕು.

ಸೋದರಮಾವ ಸಾಬೀರ್ ನೂಲು ಬಿಚ್ಚುವ ತಮ್ಮ ಹೊಸ ಶೆಡ್ಡಿನ ನಕ್ಷೆಯನ್ನು ಅವಳಿಗೇ ಒಪ್ಪಿಸಿದರು. ಅವಳು ಎದುರುಬದುರು ಆರು ಕಿಟಕಿ ಇಟ್ಟಳು. ತಿಂಗಳ ನಂತರ ಹೋದರೆ ಆರಕ್ಕೂ ಗೋಣಿಚೀಲ ತುರುಕಿದ್ದರು. ಒಳಗೆ ಅದೇ ಹಬೆ, ಅದೇ ವಾಸನೆ.

"ಯಾರು ಮುಚ್ಚಿದ್ದು?"

"ನಾವೇ ಕಣವ್ವ," ಎಂದರು ತಾಯಿಯ ಜೊತೆ ದುಡಿದಿದ್ದ ರಾಧಾಮಣಿ, ಕೆಮ್ಮುತ್ತಲೇ. "ನಿನ್ ಗಾಳಿ ಚೆಂದಾಗೈತೆ. ನೂಲ್ಗೆ ಆಗಕಿಲ್ಲ."

ಮುಬಶ್ಶಿರಾಗೆ ಅರ್ಥವಾಗಲಿಲ್ಲ. ಗಾಳಿಯ ವೇಗವನ್ನು ಉಪಕರಣದಲ್ಲಿ ಅಳೆದಿದ್ದೆ, ಹೆಚ್ಚೇನೂ ಇರಲಿಲ್ಲ ಎಂದಳು.

"ನಿಂತ್ಕಂಡ್ ಅಳೆದ್ರೆ? ಒಸಿ ಕುಂತ್ಕೊ."

ಮುಬಶ್ಶಿರಾ ರಾಧಾಮಣಿಯ ಸ್ಟೂಲಿನ ಮೇಲೆ ಕೂತು, ಪಕ್ಕದ ಕಿಟಕಿಯ ಚೀಲ ಕಿತ್ತಳು. ಗಾಳಿ ನೇರ ಗೂಡು ತೇಲುವ ತೊಟ್ಟಿಯ ನೀರಿನ ಮೇಲೆ ಬಂತು. ಕೂದಲಿಗಿಂತ ತೆಳ್ಳಗಿನ ಎಳೆ ಅಲುಗಾಡಿ ತುಂಡಾಯಿತು. ಒಂದು ನಿಮಿಷದಲ್ಲಿ ಮೂರು ಸಲ.

"ಸಂಜೆಗಂಟ ಇಂಗೇ ಕುಂತ್ರೆ ನಿಮ್ಮಾವ ನಿನ್ನೂ ಓಡಿಸ್ತಾರೆ!" ಎಂದು ರಾಧಾಮಣಿ ನಕ್ಕರು. ನಗು ಕೆಮ್ಮಾಯಿತು.

ಚೀಲ ತೆಗೆದರೆ ನೂಲು ಹೋಗುತ್ತದೆ, ಇಟ್ಟರೆ ಎದೆ. ಮುಬಶ್ಶಿರಾ ಚೀಲವನ್ನು ಎರಡು ಸಲ ತೆಗೆದಳು, ಎರಡು ಸಲ ತುರುಕಿದಳು.

"ಕಿಟಕೀನ ಏಳಡಿ ಮೇಲಕ್ಕೆ ಇಟ್ಟರೆ?"

"ಹಬೆ ಹೋಯ್ತದೆ. ಆದ್ರೆ ಬೀದಿ ಕಾಣಕಿಲ್ವಲ್ಲ." ರಾಧಾಮಣಿ ತಮ್ಮ ಬದಿಯ ಚೀಲದಲ್ಲಿ ಬೆರಳಗಲದ ತೂತು ತೋರಿಸಿದರು. "ನಾಕ್ ಗಂಟೆಗೆ ಮೊಮ್ಮಗಳು ಇಸ್ಕೂಲ್ ಬಸ್ಸಿಳೀತಾಳೆ."

ಉಳಿದ ಚೀಲಗಳಲ್ಲೂ ತೂತುಗಳಿದ್ದವು, ಒಂದೊಂದು ಒಂದೊಂದು ಎತ್ತರದಲ್ಲಿ. ಅವಳ ಲೆಕ್ಕದಲ್ಲಿ ಇದ್ಯಾವುದೂ ಇರಲಿಲ್ಲ.

ಶುಕ್ರವಾರ ಸಾಬೀರ್ ಎರಡನೇ ಶೆಡ್ಡಿನ ನಕ್ಷೆ ನೋಡಲು ಬಂದರು. "ಈ ಸಲ ಕಿಟಕಿ ಬೇಡ ಬಿಡು ಬೇಟಾ. ಹಳೇ ಥರಾನೇ ಕಟ್ಟಿಸ್ತೀನಿ."

ಅವಳು ನಕ್ಷೆ ಬಿಚ್ಚಿದಳು. ಸೂರಿನ ಕೆಳಗೆ ಸಾಲಾಗಿ ಹಬೆಗಿಂಡಿಗಳು. ಬೀದಿಯ ಗೋಡೆ ಮಾತ್ರ ಖಾಲಿ.

"ಇಲ್ಲೇನು?"

"ತೆರೆಯದ ಗಾಜು ಬರುತ್ತೆ ಮಾಮು. ಎಷ್ಟೆತ್ತರಕ್ಕೆ ಅಂತ ನನಗೆ ಗೊತ್ತಿಲ್ಲ. ನೂಲು ಬಿಚ್ಚೋರೆಲ್ಲ ಅಲ್ಲಿ ಬಂದು ಕೂತ ಮೇಲೆ, ಅವರವರ ಕಣ್ಣಿನ ಎತ್ತರ ನೋಡಿ ಬರೀತೀನಿ."

"ಗೊತ್ತಿಲ್ಲ ಅನ್ನೋ ಇಂಜಿನಿಯರ್ನ ಇವತ್ತೇ ನೋಡಿದ್ದು," ಎಂದರು ಸಾಬೀರ್. ಆದರೂ ಹೊಸ ಜಾಗಕ್ಕೆ ಸ್ಟೂಲುಗಳನ್ನು ಯಾವತ್ತು ಕಳಿಸಬೇಕೆಂದು ಕೇಳಿದರು.